ಬ್ಯಾಂಜೊಗೆ ಆಡಿನ ಚರ್ಮ

ಇರಾಕ್ ಯುದ್ಧ ಶುರುವಾದ ಮರುವರ್ಷ, ಕೊಲ್ಲಿ ದೇಶದ ಮೆಸಯೀದಿನ ನಮ್ಮ ಪ್ಲಾಂಟಿನಲ್ಲಿ ಯಂತ್ರಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ಕೆಲಸ ತಿಂಗಳು ದಾಟಿ ನಡೆಯಿತು. ದಿನಕ್ಕೆ ಹನ್ನೆರಡು ತಾಸು ಬೋಲ್ಟ್ ಬಿಗಿಯುವುದು ನನ್ನ ಪಾಲಿನದು. ಶುಕ್ರವಾರ ಮಧ್ಯಾಹ್ನ ಬಿಡುವು ಸಿಕ್ಕರೂ ಬೆರಳುಗಳು ಸ್ಪ್ಯಾನರ್ ಹಿಡಿದಂತೆಯೇ ಮಡಚಿಕೊಂಡಿರುತ್ತಿದ್ದವು.

ಕ್ವಾರ್ಟರ್ಸಿನ ಕೊನೆಯ ಮನೆಯಲ್ಲಿ ವೆಲ್ಡಿಂಗ್ ತಪಾಸಣೆಗೆ ಬಂದಿದ್ದ ಅಮೆರಿಕದವರೊಬ್ಬರಿದ್ದರು. ಮಿಸಿಸಿಪ್ಪಿ ಕಡೆಯ ಕರಿಯರು, ಅರವತ್ತರ ಹತ್ತಿರ ವಯಸ್ಸು. ಒಂದು ಶುಕ್ರವಾರ ನನ್ನನ್ನು ಕರೆದು, ಬ್ಯಾಂಜೊ ಸಡಿಲವಾಗಿದೆ, ಬಿಗಿದು ಕೊಡಲಾದೀತೇ ಎಂದರು. ನನಗೆ ಗೊತ್ತಿದ್ದ ಬ್ಯಾಂಜೊ ನಮ್ಮೂರ ಭಜನೆಯದು, ಟೈಪ್‌ರೈಟರಿನಂತೆ ಗುಂಡಿಗಳಿರುವ ಪೆಟ್ಟಿಗೆ. ಇದೋ ದೊಡ್ಡ ಕಂಜಿರಕ್ಕೆ ಉದ್ದ ಕುತ್ತಿಗೆ ಕೂಡಿಸಿದಂತಿತ್ತು. ಸಮುದ್ರದ ತೇವಕ್ಕೆ ಚರ್ಮ ಜೋತುಬಿದ್ದಿತ್ತು. ಸುತ್ತಲಿನ ನಟ್ಟುಗಳನ್ನು ಬಿಗಿಯುತ್ತ ಬಂದೆ. ದಣಿದ ಕೈಗೆ ಅಳತೆ ತಪ್ಪಿ, ಚರ್ಮ ಅಂಚಿನಿಂದ ಸೀಳಿಹೋಯಿತು.

"ಖಲಾಸ್," ಎಂದರು ಅವರು, ಮೆಲ್ಲಗೆ. ವಾದ್ಯ ಅವರ ಅಜ್ಜನದೆಂದು ಆಮೇಲೆ ತಿಳಿಯಿತು.

ಹತ್ತಿರದ ಅಲ್ ವಕ್ರಾ ಪೇಟೆಯಲ್ಲಿ ನಮ್ಮ ಕಡೆಯ ಬ್ಯಾರಿಯೊಬ್ಬರ ಮಾಂಸದಂಗಡಿಯಿತ್ತು. ಅಲ್ಲಿಂದ ಆಡಿನ ಚರ್ಮ ತಂದು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಹೆರೆದೆ. ನಾತಕ್ಕೆ ರೂಮಿನವರು ಬೈದರು. ಎರಡು ವಾರ ಕಳೆದು, ಅಮೆರಿಕದವರ ಮನೆಯ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಸೇರಿ ಅದನ್ನು ಕೂರಿಸಿದೆವು.

ಶ್ರುತಿ ಮಾಡುತ್ತ ಅವರು ಹೇಳಿದರು: ಆಫ್ರಿಕದಿಂದ ಹಿಡಿದು ತಂದ ಗುಲಾಮರು ಸೋರೆಬುರುಡೆಗೆ ಚರ್ಮ ಹೊದಿಸಿ ಮಾಡಿಕೊಂಡ ವಾದ್ಯವಂತೆ ಇದು. ಮುಂದೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಇದನ್ನೇ ನುಡಿಸುತ್ತ ಕರಿಯರನ್ನು ಅಣಕಿಸಿದರು. ಬ್ಲೂಸ್ ಎಂಬ ತಮ್ಮ ನೋವಿನ ಹಾಡು ಹಾಡುವ ಕಾಲಕ್ಕೆ ಅವರ ಜನ ಹೆಚ್ಚಾಗಿ ಗಿಟಾರ್ ಹಿಡಿದಿದ್ದರು.

"ಅಜ್ಜ ಮಾತ್ರ ಬ್ಲೂಸನ್ನೂ ಇದರಲ್ಲೇ ನುಡಿಸುತ್ತಿದ್ದರು. ಅಪ್ಪನಿಗೆ ನಾಚಿಕೆ. ಎದ್ದು ಹೊರಗೆ ಹೋಗಿಬಿಡುತ್ತಿದ್ದರು."

ಆಮೇಲೆ ನುಡಿಸಿದರು. ಒಣಗಿದ, ಗಿಡ್ಡ ನಾದ. ಒಂದು ಸ್ವರ ಹುಟ್ಟಿದ ಕೂಡಲೇ ಸತ್ತು, ಇನ್ನೊಂದಕ್ಕೆ ಕಾಯಬೇಕು. ಕೇಳುತ್ತಿದ್ದವನು ಯಾವಾಗ ಕಂಬಕ್ಕೊರಗಿ ನಿದ್ದೆಹೋದೆನೋ ತಿಳಿಯದು. ಎದ್ದಾಗ ಬಿಸಿಲು ಇಳಿದಿತ್ತು. ನಾಚಿಕೆಯಾಗಿ ಕ್ಷಮೆ ಕೇಳಿದೆ.

"ಹತ್ತಿ ಬಿಡಿಸಿ ಬಂದವರೂ ಹೀಗೇ ಮಲಗುತ್ತಿದ್ದರಂತೆ," ಎಂದರು. "ಅಜ್ಜ ನಿಲ್ಲಿಸುತ್ತಿರಲಿಲ್ಲ."

ಶಟ್‌ಡೌನ್ ಮುಗಿದ ವಾರ ಅವರು ಊರಿಗೆ ಹೊರಟರು. ನಾನು ಡ್ಯೂಟಿಯಲ್ಲಿದ್ದೆ. ಹೋಗಿ ಬನ್ನಿ ಎನ್ನಲೂ ಆಗಲಿಲ್ಲ.