ಹಾಳೆಯಲ್ಲಿ ಇಲ್ಲದ ಹೆರಿಗೆಗಳು

ಹನ್ನೊಂದು ವರ್ಷ ಆಂಬುಲೆನ್ಸಿನ ಹಿಂಬದಿಯಲ್ಲಿ ಕೂತವಳು ನಾನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಗೆ ಹಾಕಿದರೂ ಬ್ಯಾಗು ಎತ್ತಿಕೊಂಡು ಹೋದೆ. ಜನ ನನ್ನನ್ನು ನರ್ಸಮ್ಮ ಅನ್ನುತ್ತಾರೆ. ನಾನು ನರ್ಸಲ್ಲ, ತುರ್ತು ವೈದ್ಯಕೀಯ ತಂತ್ರಜ್ಞೆ. ಆದರೆ ಹೊಟ್ಟೆ ಹಿಡಿದುಕೊಂಡು ಒದ್ದಾಡುವವರ ಮುಂದೆ ಅದನ್ನೆಲ್ಲ ಬಿಡಿಸಿ ಹೇಳುತ್ತಾ ಕೂರಲಾದೀತೇ? ಸುಮ್ಮನೆ ಓಗೊಡುತ್ತಿದ್ದೆ.

ಈಗ ಹೊಸ ನಿಯಮ ಬಂದಿದೆ. ನೋಂದಣಿ ಇಲ್ಲದವರು ಗಾಡಿ ಹತ್ತುವಂತಿಲ್ಲ. ನನ್ನ ಹಾಗೆ ಹಳೆಯ ಸರ್ಟಿಫಿಕೇಟ್ ಇಟ್ಟುಕೊಂಡವರು ಅನುಭವಕ್ಕೆ ದಾಖಲೆ ಕೊಡಬೇಕು. ಅದರಲ್ಲಿ ಸ್ವತಃ ಮಾಡಿಸಿದ ಐದು ಹೆರಿಗೆಯೂ ಇರಬೇಕು. ಓದಿ ನಕ್ಕುಬಿಟ್ಟೆ. ಐದೇ? ನಾನು ಎಣಿಸುವುದನ್ನು ಬಿಟ್ಟೇ ಎಷ್ಟೋ ವರ್ಷವಾಗಿತ್ತು.

ನೋಂದಣಿ ಕಚೇರಿಯ ಗುಮಾಸ್ತ ನನ್ನ ಕೇಸ್ ಹಾಳೆಗಳ ಕಟ್ಟನ್ನು ಬಿಚ್ಚಿ ಒಂದೊಂದಾಗಿ ತಿರುವಿದ. ಅಪಘಾತ, ಹಾವು ಕಡಿತ, ಎದೆನೋವು, ವಿಷ ಕುಡಿದವರು, ಎಲ್ಲ ಇತ್ತು.

"ಹೆರಿಗೆ ಎಲ್ಲೈತ್ರಿ ಮೇಡಂ?"

"ನೋಡ್ರಿ, ಇವೆಲ್ಲ ಹೆರಿಗೆ ಕೇಸೇ."

"ಇಲ್ಲಿ ‘ನೋವಿನಲ್ಲಿದ್ದ ಗರ್ಭಿಣಿಯನ್ನು ಆಸ್ಪತ್ರೆಗೆ ಒಪ್ಪಿಸಲಾಯಿತು’ ಅಂತ ಐತೆ. ಹೆರಿಗೆ ಆಸ್ಪತ್ರೇಲಾಗೈತೆ. ನೀವು ಕರ್ಕಂಡು ಹೋಗೀರಿ, ಅಷ್ಟೆ."

ಮೈ ಉರಿದುಹೋಯಿತು. ಉರಿದು ಏನು ಮಾಡಲಿ, ಬರೆದವಳು ನಾನೇ.

ನಮ್ಮ ಕಡೆ ಇದು ಎಲ್ಲರೂ ಮಾಡುತ್ತಿದ್ದದ್ದು. ದಾರಿಯಲ್ಲಿ ಮಗು ಹುಟ್ಟಿತು ಎಂದು ಬರೆದರೆ ಜನನ ಪ್ರಮಾಣಪತ್ರಕ್ಕೆ ಆ ಮನೆಯವರು ಅಲೆಯಬೇಕು. ಗಾಡಿ ಆಗ ಯಾವ ಊರಿನ ಗಡಿಯಲ್ಲಿತ್ತು, ಯಾವ ಪಂಚಾಯ್ತಿಗೆ ಸೇರುತ್ತದೆ ಎಂದು ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆಸ್ಪತ್ರೆಯಲ್ಲಿ ಹುಟ್ಟಿತು ಎಂದರೆ ಕಾಗದ ಸಲೀಸಾಗಿ ಕೈಗೆ ಬರುತ್ತದೆ. ಆಸ್ಪತ್ರೆಯವರಿಗೂ ತಮ್ಮಲ್ಲಿ ಒಂದು ಹೆರಿಗೆ ಹೆಚ್ಚಾಯಿತೆಂಬ ಖುಷಿ. ಹಾಗಾಗಿ ಮಗುವನ್ನು ಒರೆಸಿ, ಬಟ್ಟೆ ಸುತ್ತಿ, ತಾಯಿಯ ಎದೆಗೆ ಕೊಟ್ಟು, ಆಮೇಲೆ ನಾನೇ ನನ್ನ ಕೈಯಾರೆ ಸುಳ್ಳು ಬರೆಯುತ್ತಿದ್ದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ, ದಡ್ಡಿ.

ಗೋಗರೆದ ಮೇಲೆ ಗುಮಾಸ್ತ ಸ್ವಲ್ಪ ಮೆತ್ತಗಾದ. "ಹಡೆದೋರ ಹತ್ರ ಬರೆಸ್ಕಂಡು ಬರ್ರಿ. ನೋಡಾಣ." ತಿಂಗಳ ಗಡುವು ಕೊಟ್ಟ, ಅಲ್ಲಿಯವರೆಗೆ ಗಾಡಿ ಹತ್ತಬಹುದಿತ್ತು.

ಮೊದಲು ನೆನಪಾದವಳು ಸಂತೇಬೆನ್ನೂರಿನಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಅವಳ ಮಗು ಹುಟ್ಟಿದಾಗ ಕರುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿಗಿದಿತ್ತು. ಮೈ ನೀಲಿ, ಅಳುವೇ ಇಲ್ಲ. ಫೋನಿನಲ್ಲಿ ಸಲಹೆ ಕೊಡಬೇಕಾದ ಡಾಕ್ಟರ ಮಾತು ಕಡಿದು ಕಡಿದು ಬರುತ್ತಿತ್ತು. ಸುತ್ತು ಬಿಡಿಸಿ, ಬೆನ್ನು ಉಜ್ಜಿ, ಪುಟ್ಟ ಮಾಸ್ಕ್ ಇಟ್ಟು ಉಸಿರು ಕೊಟ್ಟೆ. ಅದು ಕಿರ್ರೆಂದಾಗ ಗಾಡಿ ಓಡಿಸುತ್ತಿದ್ದವನೂ ಅತ್ತುಬಿಟ್ಟಿದ್ದ.

ಅವಳು ನನ್ನನ್ನು ಕಂಡ ತಕ್ಷಣ ಮಿಷನ್ ಬಿಟ್ಟು ಎದ್ದಳು. ಕುರ್ಚಿ ಒರೆಸಿದಳು, ಚಹಾ ತರಿಸಿದಳು. ವಿಷಯ ಹೇಳಿದೆ. ಅವಳ ಮುಖ ಚಿಕ್ಕದಾಯಿತು.

"ಅಕ್ಕಾ, ನನ್ನ ಮಗಳ ಸರ್ಟಿಫಿಕೇಟ್‌ನಾಗೆ ಆಸ್ಪತ್ರೆ ಅಂತ ಐತೆ. ಆಧಾರ್, ಶಾಲೆ, ಎಲ್ಲ ಅದರ ಮೇಲೇ ಆಗೈತೆ. ಈಗ ನಾನು ಬೇರೆ ಬರ್ಕೊಟ್ರೆ ನಾಳೆ ಅವಳಿಗೇನಾರ ತೊಂದ್ರೆ ಆಗಲ್ವಾ?"

"ಆಗಲ್ಲ ಕಣವ್ವ," ಅಂದೆ. ಆಗುತ್ತೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

"ಯಾರು ಕೇಳಿದ್ರೂ ಆಸ್ಪತ್ರೆ ಅಂತಾನೇ ಹೇಳು ಅಂತ ಅವತ್ತು ನೀವೇ ಹೇಳಿಕೊಟ್ರಿ. ನನ್ನ ಮಗಳಿಗೂ ಹಂಗೇ ಹೇಳೀನಿ, ಆಸ್ಪತ್ರೆ ಡಾಕ್ಟ್ರಮ್ಮ ನಿನ್ನ ಉಳಿಸಿದ್ರು ಅಂತ."

ಕಾಲಿಗೆ ಬೀಳಲು ಬಂದಳು. ಸಹಿ ಮಾತ್ರ ಹಾಕಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರಯತ್ನಪಟ್ಟೆ, ಆಗಲಿಲ್ಲ. ನನ್ನ ಮೇಲೇ ಬಂತು. ಇನ್ನಿಬ್ಬರ ಮನೆಗೆ ಹೋದೆ, ಅಲ್ಲೂ ಅದೇ ಮಾತು, ಅದೇ ಚಹಾ.

ಹೋದ ವಾರ ಸೂರಗೊಂಡನಕೊಪ್ಪದ ಕಡೆಯಿಂದ ಕರೆ ಬಂತು. ಚೊಚ್ಚಲ ಬಸುರಿ, ಜೊತೆಗೆ ಅತ್ತೆ. ನ್ಯಾಮತಿ ತಲುಪುವ ಮೊದಲೇ ಗಾಡಿ ನಿಲ್ಲಿಸಿ ಹೆರಿಗೆ ಮಾಡಿಸಿದೆ. ಗಂಡು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ನಾನು ಹಾಳೆ ತೆಗೆದುಕೊಂಡ ಕೂಡಲೇ ಅತ್ತೆ ನನ್ನ ಗಲ್ಲ ಹಿಡಿದುಕೊಂಡಳು.

"ಆಸ್ಪತ್ರೇಲಿ ಆತು ಅಂತ ಬರಿಯವ್ವ. ನಮ್ಮನೇಲಿ ಕಚೇರಿ ಅಲೆಯಾಕೆ ಯಾರೂ ಇಲ್ಲ. ನನ್ನ ಮಗ ದುಡಿಯಾಕೆ ಹೋದ್ರೆ ಮೂರು ತಿಂಗಳಿಗೆ ಬರ್ತಾನೆ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ನಾನು ಅವಳ ಕೈ ಸರಿಸಿದೆ. ‘ಆಂಬುಲೆನ್ಸಿನಲ್ಲಿ ಹೆರಿಗೆ’ ಎಂದು ಬರೆದೆ. ಕೆಳಗೆ ಗಾಡಿ ನಿಂತ ಜಾಗ, ಹೊತ್ತು, ನನ್ನ ಪೂರ್ತಿ ಹೆಸರು. ಓದಲು ಬಾರದ ಆಕೆ ಆಸ್ಪತ್ರೆ ಮುಟ್ಟುವವರೆಗೂ ನನ್ನನ್ನು ಹರಸುತ್ತಲೇ ಇದ್ದಳು. ಅಲ್ಲಿ ಸ್ಟಾಫ್ ನರ್ಸ್ ಹಾಳೆ ನೋಡಿ, "ಏನ್ರೀ ಇದು, ದಾರಿಯಲ್ಲಾಯ್ತು ಅಂತ ಬರ್ದೀರಲ್ಲ?" ಎಂದು ಗದರಿದಾಗಲೇ ಅವಳಿಗೆ ಗೊತ್ತಾದದ್ದು.

ಅವಳು ಬಯ್ಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. "ಯಾಕವ್ವ ಹಿಂಗೆ ಮಾಡ್ದೆ?" ಅಂದಳು, ಅಷ್ಟೆ.

ಹಾಳೆಯ ಪ್ರತಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಗಾಡಿ ಹತ್ತಿದೆ. ನನಗೆ ಇನ್ನೂ ನಾಲ್ಕು ಬೇಕು.