ನೀಲಿ ಗಾಜಿನ ಮೇಲಿನ ನಾಲ್ಕು

ಓಣಿಯಲ್ಲಿ ಎಲ್ಲರೂ ಅವಳನ್ನು ಗಾಜಕ್ಕ ಎಂದೇ ಕರೆಯುತ್ತಿದ್ದರು. ಸಮುದ್ರದ ನೀರು ಇಳಿಯುವ ಹೊತ್ತು ನೋಡಿಕೊಂಡು ದಡಕ್ಕೆ ಹೋಗುವುದು, ಬಗ್ಗಿ ಬಗ್ಗಿ ಬಾಟಲಿಯ ಚೂರು ಆಯುವುದು, ಒಂದೊಂದನ್ನೂ ಕೆನ್ನೆಗೆ ಉಜ್ಜಿ ನೋಡುವುದು. ಚುಚ್ಚಿದರೆ, "ಇನ್ನೂ ಮಾಗಿಲ್ಲ, ಹೋಗು" ಎಂದು ವಾಪಸ್ ಅಲೆಗೇ ಎಸೆಯುವುದು. ಅಲೆಯೂ ಮರಳೂ ಸೇರಿ ಹತ್ತಾರು ವರ್ಷ ತಿಕ್ಕಿ, ಅಂಚು ಸವೆದು, ಮೈ ಮಬ್ಬಾದ ಚೂರು ಮಾತ್ರ ಅವಳ ಚೀಲ ಸೇರುತ್ತಿತ್ತು. ಅದಕ್ಕೆ ತೂತು ಕೊರೆದು, ಬೆಳ್ಳಿ ತಂತಿ ಸುತ್ತಿ, ಓಲೆ, ಪದಕ ಮಾಡುತ್ತಿದ್ದಳು.

ಅವಳ ಮಾವ ಬಾಟಲಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಚ್ಚು ಕೆತ್ತಿದವರು. ಕಣ್ಣು ಈಗ ಮಂಜು, ನಾಲಿಗೆ ಮಾತ್ರ ಮೊದಲಿನಷ್ಟೇ ಹರಿತ. "ನಾವು ಮಾಡಿ ಮಾಡಿ ಸುಸ್ತಾದ್ವಿ, ಜನ ಕುಡಿದು ಕುಡಿದು ಬಿಸಾಕಿದ್ರು. ನಮ್ಮ ಸೊಸೆ ಅದನ್ನ ಮತ್ತೆ ಮನೆಗೇ ಹೊತ್ಕೊಂಡು ಬರ್ತಾಳೆ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅವಳ ಮೇಜಿನ ಹತ್ತಿರ ಮಾತ್ರ ಒಂದು ದಿನವೂ ಸುಳಿದವರಲ್ಲ.

ಆ ದಿನ ಗಾಜಕ್ಕ ಬೆಳಿಗ್ಗೆಯಿಂದಲೇ ಮೇಜು ಬಿಟ್ಟು ಎದ್ದಿರಲಿಲ್ಲ. ಎದುರುಮನೆಯ ನರ್ಸಮ್ಮ ಅಂದು ಸಂಜೆಯ ತಮ್ಮ ಬೀಳ್ಕೊಡುಗೆಗೆಂದು ನೀಲಿ ಪದಕ ಕೇಳಿದ್ದರು. ಕಡುನೀಲಿ ಸಿಗುವುದೇ ಅಪರೂಪ. ಇಷ್ಟು ವರ್ಷಕ್ಕೆ ಸಿಕ್ಕಿದ್ದು ಮೂರೇ ಚೂರು. ಎರಡು ಕೊರೆಯುವಾಗಲೇ ಟಪ್ ಎಂದು ಸೀಳಿದ್ದವು. ಉಳಿದದ್ದು ಇದೊಂದು, ಯಾವುದೋ ಬಾಟಲಿಯ ತಳದ ತುಂಡು. ಅದರ ಮೇಲೊಂದು ಸೊಟ್ಟ ಉಬ್ಬುಗೆರೆ ಬೇರೆ. ಮೊದಲು ಅದನ್ನು ತಿಕ್ಕಿ ಸಮ ಮಾಡೋಣವೆಂದು ಉಪ್ಪುಕಾಗದ ಕೈಗೆತ್ತಿಕೊಂಡಳು. ಇದೂ ಒಡೆದರೆ ಎಂದು ಮತ್ತೆ ಕೆಳಗಿಟ್ಟಳು. ಎಂದೂ ಕರೆಯದವಳು ಮಾವನನ್ನು ಕರೆದಳು.

"ಮಾವ, ಇದನ್ನ ಎಲ್ಲಿ ಕೊರೆದ್ರೆ ಒಡೆಯಲ್ಲ, ನೀವೇ ಹೇಳಿ."

ಗೊಣಗುತ್ತಲೇ ಬಂದರು. ತುಂಡನ್ನು ಅಂಗೈಯಲ್ಲಿಟ್ಟು ಹೆಬ್ಬೆರಳು ಆಡಿಸಿದರು. ಬೆರಳು ಆ ಗೆರೆಯ ಮೇಲೆ ನಿಂತಿತು. ಮುಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

"ಇದು ಬರೀ ಗೆರೆಯಲ್ಲಮ್ಮ, ನಾಲ್ಕು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ, ಅಲ್ವಾ?"

ಅವಳು ಬೆಳಕಿಗೆ ಹಿಡಿದಳು. ಹೌದು, ನಾಲ್ಕೇ.

"ಬಾಟಲಿ ತಳಕ್ಕೆ ಅಚ್ಚಿನ ನಂಬರು ಬೀಳತ್ತೆ. ಅಚ್ಚಲ್ಲಿ ಆ ಅಂಕಿ ತಿರುಗಿಸಿ ಕೆತ್ತಬೇಕು, ಆಗ ಬಾಟಲಿ ಮೇಲೆ ಸರಿಯಾಗಿ ಬರತ್ತೆ. ನಿನ್ನ ಗಂಡ ಹುಟ್ಟಿದ ಅಂತ ಸುದ್ದಿ ಬಂತು ನೋಡು, ಆವತ್ತು ನನ್ನ ತಲೆ ಎಲ್ಲೋ ಇತ್ತು. ಕಾಗದದ ಮೇಲೆ ಬರೆದ ಹಾಗೆ ಕೆತ್ತಿಬಿಟ್ಟೆ. ಮೇಲಿನವರು ನೋಡೋ ಹೊತ್ತಿಗೆ ಒಂದು ದಿನದ ಮಾಲು ಹೊರಗೆ ಹೋಗಿತ್ತು. ಎಲ್ಲರೆದುರು ಬೈಸಿಕೊಂಡೆ."

ಗಾಜಕ್ಕ ಲೆಕ್ಕ ಹಾಕಿದಳು. ಅವಳ ಗಂಡನಿಗೆ ಮೊನ್ನೆಯಷ್ಟೇ ನಲವತ್ತೆಂಟು ತುಂಬಿತ್ತು. ಅಷ್ಟೂ ವರ್ಷ ನೀರಲ್ಲಿ ಉರುಳಿ, ಉಳಿದದ್ದನ್ನೆಲ್ಲ ಕಳೆದುಕೊಂಡು, ಈ ಮುದುಕರ ತಪ್ಪೊಂದನ್ನೇ ಜೋಪಾನ ಮಾಡಿಕೊಂಡು, ಅವರ ಸೊಸೆಯ ಕಾಲಬುಡಕ್ಕೇ ಬಂದು ಬಿದ್ದಿತ್ತಲ್ಲ ಈ ಚೂರು. ಅಷ್ಟು ದೊಡ್ಡ ಸಮುದ್ರಕ್ಕೆ ಇವರ ಮನೆ ಹೇಗೆ ಗೊತ್ತಾಯಿತೋ. ತಾನು ಇನ್ನೇನು ಅದನ್ನು ತಿಕ್ಕಿ ಅಳಿಸಿಬಿಡುತ್ತಿದ್ದೆ ಎಂದು ನೆನೆದು ಅವಳು ಉಪ್ಪುಕಾಗದವನ್ನು ದೂರ ಸರಿಸಿದಳು.

"ಇದನ್ನ ಕೊಡಲ್ಲ ಮಾವ. ನರ್ಸಮ್ಮಂಗೆ ಬೇರೆ ಏನಾದ್ರೂ ಮಾಡ್ತೀನಿ. ಇದು ನಮ್ಮನೇಲೇ ಇರಲಿ."

"ಸುಮ್ನಿರು. ನನ್ನ ಅಚ್ಚಿಂದ ಬಂದ ಬಾಟಲಿಗೆ ಲೆಕ್ಕ ಇದೆಯಾ? ಒಂದನ್ನಾದ್ರೂ ಯಾರಾದ್ರೂ ಇಟ್ಕೊಂಡ್ರಾ? ಇದೊಂದಾದ್ರೂ ಒಬ್ಬರ ಕೊರಳಲ್ಲಿರಲಿ. ಕೊರಿ, ಇಲ್ಲಿ. ದಪ್ಪ ತೆಳು ಕೂಡೋ ಕಡೆ ಮಾತ್ರ ಮುಟ್ಟಬೇಡ, ಸೀಳತ್ತೆ."

ಅವರ ಹೆಬ್ಬೆರಳಿದ್ದ ಕಡೆ ಗುರುತು ಹಾಕಿ, ತುಂಡನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿ ಅವಳು ಕೊರೆದಳು. ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ. ಗಾಜು ಟಪ್ ಎನ್ನಲಿಲ್ಲ.

ಸಂಜೆ ನರ್ಸಮ್ಮ ಪದಕ ಹಾಕಿಕೊಂಡು ಬಾಗಿಲಿಗೇ ಬಂದರು. "ತುಂಬ ಚೆನ್ನಾಗಿದೆ ಗಾಜಕ್ಕ. ಇದೇನು, ಇದರ ಮೇಲೆ ನಾಲ್ಕು ತಿರುಗಿ ಕೂತಿದೆಯಲ್ಲ?"

ಮೂಲೆಯ ಕುರ್ಚಿಯಿಂದ ಮಾವ ಎದ್ದು ನಿಂತರು. ಅಂಗಿಯ ಗುಂಡಿ ಸರಿಮಾಡಿಕೊಂಡರು.

"ಅದು ನನ್ನ ಕೆಲಸ," ಎಂದರು.