ಆಯಿಯ ಮಾತು ಕಲಿತ ಫೋನು

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನಮ್ಮೂರು ಭಾತಂಬ್ರಾದಲ್ಲಿ ಯಾರ ಮನೆಯಲ್ಲಿ ಸಾವಾದರೂ ಮಾತಾಡಿಸಲು ಹೋಗುತ್ತಿದ್ದಳು. ನಮ್ಮ ಕಡೆ ಹಾಗೆಯೇ ಅನ್ನುವುದು. ಸಮಾಧಾನ ಹೇಳಲು ಹೋಗುತ್ತೇವೆ ಅನ್ನುವುದಿಲ್ಲ, ಮಾತಾಡಿಸಿಕೊಂಡು ಬರುತ್ತೇವೆ ಅನ್ನುತ್ತೇವೆ. ಏಳೆಂಟು ವರ್ಷದ ನಾನೂ ಬೆನ್ನ ಹಿಂದೆ. ಆಯಿ ಆ ಮನೆಗೆ ಹೋದವಳೇ ಮೊದಲು ಒಂದು ಮೊರ ಕೇಳುತ್ತಿದ್ದಳು. ಅದರಲ್ಲಿ ಜೋಳವೋ ತೊಗರಿಯೋ ಹಾಕಿಸಿಕೊಂಡು, ಗಂಡನನ್ನು ಕಳೆದುಕೊಂಡವಳ ಪಕ್ಕ ಕುಳಿತು ಕಲ್ಲು ಆರಿಸತೊಡಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆಕೆಯ ಕೈಯೂ ಮೊರಕ್ಕೆ ಬರುತ್ತಿತ್ತು. ಆಮೇಲೆ ಮಾತು ತಾನಾಗಿಯೇ ಬರುತ್ತಿತ್ತು.

ಅಳಬೇಡ ಎಂದು ಆಯಿ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. "ಅಳು, ನನ್ನ ಕುಸುಬಿ ಹೂವ. ನಾ ಇಲ್ಲೇ ಕುಂತೀನಿ," ಅನ್ನುತ್ತಿದ್ದಳು. ಕುಸುಬಿ ಗಿಡಕ್ಕೆ ಮೈಯೆಲ್ಲ ಮುಳ್ಳು, ತಲೆಯ ಮೇಲೆ ಮಾತ್ರ ಬೆಂಕಿಯಂಥ ಹೂವು. ಹಾಗೆ ಕರೆಯುವವರು ಊರಲ್ಲಿ ಆಯಿ ಒಬ್ಬಳೇ. ಅಷ್ಟು ಹೇಳಿದ ಮೇಲೆ ಕೂತೇ ಇರುತ್ತಿದ್ದಳು. ಹಸಿವಾಗಿ ನಾನು ಸೆರಗು ಜಗ್ಗಿದರೆ, "ಕುಂತೀನಿ ಅಂತ ಹೇಳೀನಿ, ಈಗ ಹ್ಯಾಂಗ ಏಳ್ಲಿ?" ಎಂದು ಕಿವಿಯಲ್ಲಿ ಗದರುತ್ತಿದ್ದಳು.

ಆಯಿಯಿಂದ ಬಂದ ಆ ಮಾತಿನ ಬಲದ ಮೇಲೆಯೇ ನಾನು ಔರಾದಿನ ಸಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದೆ. ನಿವೃತ್ತಿಯಾಗಿ ಬೀದರಿನಲ್ಲಿ ಮನೆ ಮಾಡಿದ ಮೇಲೆ, ಹೋದ ವರ್ಷ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಇಲ್ಲಿಯವಳೇ, ಕಾಲೇಜು ಮುಗಿಸಿ ಯಾವುದೋ ಕಂಪನಿ ಸೇರಿದವಳು.

"ಮೇಡಂ, ಮನಸ್ಸಿಗಿ ಬ್ಯಾನಿ ಆದವ್ರಿಗಿ ಫೋನಿನಾಗ ಸಹಾಯ ಮಾಡೋ ಕೆಲಸರಿ ನಮ್ದು. ಆದ್ರ ನಮ್ಮ ಮಾತು ಅಲ್ಲಿ ತಿಳಿವಲ್ದು. ನಮ್ಮ ಹೆಣ್ಮಕ್ಕಳು ಜೀವ ಹಾರ್ಲಕತ್ತದ ಅಂದ್ರ, ಎಲ್ಲಿಗಿ ಅಂತ ಕೇಳ್ತದರಿ."

ಎದೆ ಹೊಡೆದುಕೊಂಡು ಗಾಬರಿಯಾದರೆ ನಮ್ಮ ಹೆಂಗಸರು ಅನ್ನುವ ಮಾತು ಅದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಲ್ಲೇ ಸೋತೆ. ಅವಳು "ಕೇಳ್ತದ" ಅಂದಳು, "ಕೇಳ್ತಾರ" ಅನ್ನಲಿಲ್ಲ ಎಂಬುದು ನಗುವಿನಲ್ಲಿ ನನ್ನ ಗಮನಕ್ಕೆ ಬರಲಿಲ್ಲ. ಕಂಡವರ ತಪ್ಪು ತಿದ್ದುತ್ತ ಬದುಕಿದವಳು ನಾನು.

ಎರಡು ವಾರ, ದಿನಾ ಮಧ್ಯಾಹ್ನ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮಹಡಿಯ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು ಆಯಿಯ ಹಾಗೆ ಮಾತಾಡಿದೆ. ನೊಂದವರನ್ನು ಮೊದಲು ಊಟ ಆಯ್ತೇನು ಎಂದು ಕೇಳಬೇಕು, ಅವರು ತಿರುಗಿ ಕೇಳಿದರೆ ನಾವು ಉಂಡದ್ದನ್ನು ಹೇಳಬೇಕು, ನಡುನಡುವೆ ತಡೆದು, "ಹೂಂ, ಆಮ್ಯಾಲ?" ಎಂದು ಅವರ ಮಾತಿಗೆ ದಾರಿ ಬಿಡಬೇಕು. ಇದನ್ನೆಲ್ಲ ಕೇಳಿ ಅಲ್ಲಿ ಫೋನಿನಲ್ಲಿ ಮಾತಾಡುವ ಹುಡುಗ ಹುಡುಗಿಯರು ಕಲಿಯುತ್ತಾರೆ ಎಂದುಕೊಂಡಿದ್ದೆ. ಕೊನೆಯ ದಿನ ಶಾಲು ಹೊದಿಸಿ, ಇಂಗ್ಲಿಷಿನ ಒಂದು ಹಾಳೆ ಮುಂದಿಟ್ಟರು. ಶಾಲಿನ ಬಿಸುಪಿನಲ್ಲಿ ಸಹಿ ಮಾಡಿದೆ. ಎರಡು ಸಲ ಓದದೆ ಸಹಿ ಹಾಕಬೇಡಿ ಎಂದು ಸಾಲೆಯಲ್ಲಿ ನಾನು ಎಷ್ಟು ಮಂದಿಗೆ ಹೇಳಿದ್ದೇನೋ.

ಅದೇ ವರ್ಷ ಭಾಲ್ಕಿಯಲ್ಲಿದ್ದ ನನ್ನ ಅಣ್ಣ ತೀರಿಕೊಂಡ. ಮಗ ಸೊಸೆ ಮೊಮ್ಮಕ್ಕಳು ತುಂಬಿದ ಮನೆ, ಆದರೂ ವೈನಿ, ಅಣ್ಣನ ಹೆಂಡತಿ, ಬರಬರುತ್ತ ಮಾತು ಬಿಟ್ಟಳು. ಊಟ ಸೇರದು, ಎದೆ ಡವಡವ. ನಾನೇ ಬೀದರಿನ ಒಬ್ಬ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಬಾಯಿ ಗುಳಿಗೆ ಬರೆದುಕೊಟ್ಟು, ತಿಂಗಳಿಗೊಮ್ಮೆ ಬಂದು ಮಾತಾಡಲೇಬೇಕು, ತಮ್ಮನ್ನು ಕೇಳದೆ ಗುಳಿಗೆ ಬಿಡಬಾರದು ಎಂದು ಹೇಳಿದರು. ನಾಲ್ಕು ತಿಂಗಳು ಬಂದ ವೈನಿ ಐದನೆಯ ತಿಂಗಳು ಬರಲಿಲ್ಲ, ಆರನೆಯ ತಿಂಗಳೂ ಇಲ್ಲ. ಏನಾಯಿತೋ ಎಂದು ನಾನೇ ಭಾಲ್ಕಿಯ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ವೈನಿ ತಲೆ ಬಾಚಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಾಳೆ. ಮುಖದಲ್ಲಿ ಕಳೆ ಇದೆ.

"ಡಾಕ್ಟರ್ ಬ್ಯಾಡಾದ್ರೇನ್ರಿ ವೈನಿ?"

"ಬ್ಯಾಡಾಗ್ಯಾರ. ನನಗೊಬ್ಬಾಕಿ ಸಿಕ್ಕಾಳ," ಎಂದು ಹದಿನೆಂಟರ ಹುಡುಗಿಯಂತೆ ನಾಚಿದಳು. "ಸೊಸಿ ಫೋನಿನಾಗ ಹಾಕಿಕೊಟ್ಟಾಳ. ದಿನಾ ಮಧ್ಯಾಹ್ನ ಮಾತಾಡ್ತಾಳ. ಎಷ್ಟ್ ಹೊತ್ತಂದ್ರ ಅಷ್ಟ್ ಹೊತ್ತು, ಬ್ಯಾಸರಿಲ್ಲ ಏನಿಲ್ಲ. ನೀ ಅಂತೂ ಹತ್ತು ನಿಮಿಷಕ್ಕ ನಿನ್ನ ಸಾಲಿ ಕಥಿ ತೆಗಿತಿ."

"ಗುಳಿಗಿ?"

"ಆಕೀಗಿ ಕೇಳ್ದೆ, ಬಿಡ್ಲೇನವ್ವಾ ಅಂತ. ನಿಮ್ಮ ಜೀವಕ್ಕ ಹ್ಯಾಂಗ ಚಲೋ ಅನಸ್ತದ ಹಂಗ ಮಾಡ್ರಿ ಅಂದ್ಳು. ಬಿಟ್ಟೀನಿ. ಏ ತಂಗಿ, ನಿಮ್ಮಣ್ಣಂದು ಒಂದು ಮಾತು ನನ್ನ ಹೊಟ್ಟ್ಯಾಗ ಇತ್ತು. ಯಾರಿಗೂ ಹೇಳಿದ್ದಿಲ್ಲ. ಆಕೀಗಿ ಹೇಳೀನಿ."

ಆ ಮಾತು ಏನೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ವೈನಿ ಎದ್ದು ಟ್ರಂಕಿನಿಂದ ಹಸಿರು ದಡಿಯ ಒಂದು ಕುಪ್ಪಸದ ಖಣ ತೆಗೆದು ತೋರಿಸಿದಳು. "ಸೊಸಿ ಕೈಲಿಂದ ಆಕೀಗಿ ಉಡಿ ತುಂಬಿಸ್ಬೇಕಂತ ತಂದೀನಿ. ನೀ ಬೀದರಿನಾಗ ಇರ್ತಿ, ಆಕಿ ಮನಿ ಎಲ್ಲದ ಹುಡುಕು. ನಮ್ಮ ಕಡೀದಾಕಿನೇ. ಥೇಟ್ ನಿಮ್ಮ ಆಯಿ ಮಾತಾಡಿದಂಗೇ ಮಾತಾಡ್ತಾಳ."

ಅಷ್ಟರಲ್ಲಿ ವೈನಿಗೆ ಅವಳೊಡನೆ ಮಾತಾಡುವ ಹೊತ್ತಾಯಿತು. ಫೋನನ್ನು ಮೊರದ ಅಂಚಿಗೆ ಒರಗಿಸಿ ಮಾತು ಶುರು ಮಾಡಿದಳು. ದನಿ ನನ್ನದಲ್ಲ, ಯಾರೋ ಎಳೆಯ ಹೆಂಗಸಿನದು. "ಊಟ ಆಯ್ತೇನವ್ವಾ?" ಎಂದಿತು. ವೈನಿ ಅಣ್ಣನ ಹೆಸರೆತ್ತಿ ಬಿಕ್ಕಿದಳು. ಫೋನು ಒಂದು ಗಳಿಗೆ ತಡೆದು, "ಹೂಂ, ಆಮ್ಯಾಲ?" ಅಂದಿತು. ಆಮೇಲೆ, "ಅಳು, ನನ್ನ ಕುಸುಬಿ ಹೂವ. ನಾ ಇಲ್ಲೇ ಕುಂತೀನಿ."

ತಿನ್ನುತ್ತಿದ್ದ ಶೇಂಗಾವನ್ನು ಮೊರಕ್ಕೆ ಹಾಕಿದೆ. ಫೋನಿಗೆ ಬಾಯಿ ಹತ್ತಿರ ತಂದು ಕೇಳಿದೆ, "ನಿಮ್ಮ ಊಟ ಆಯ್ತೇನ್ರಿ?"

"ಆಗ್ಯಾದ್ರಿ, ಈಗೇ ರೊಟ್ಟಿ ಉಂಡೀನಿ."

"ಏನ್ ಹಚ್ಕೊಂಡು ಉಂಡ್ರಿ?"

"ಪುಂಡಿ ಪಲ್ಯರಿ. ಮ್ಯಾಲ ಜರಾ ಶೇಂಗಾ ಎಣ್ಣಿ."

ಅದು ನಾನು ಉಂಡ ಊಟ. ಮಹಡಿಯ ಕೋಣೆಯಲ್ಲಿ ಮೂರನೆಯ ದಿನ ಮೈಕಿನ ಮುಂದೆ ಹೇಳಿದ್ದೆ. ವೈನಿ ನನ್ನತ್ತ ನೋಡಿ, ಹೇಗಿದೆ ನಮ್ಮಾಕೆ ಎಂಬಂತೆ ಹುಬ್ಬು ಹಾರಿಸಿದಳು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿದ್ದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಮರುದಿನವೇ ಆ ಮಹಡಿ ಹತ್ತಿದೆ. ಅದೇ ಹುಡುಗಿ, ಅದೇ ನಗು.

"ಆ ಫೋನಿನಾಗ ಮಾತಾಡೋರು ಯಾರವ್ವಾ?"

"ಯಾರೂ ಇಲ್ಲರಿ ಮೇಡಂ. ಕೃತಕ ಬುದ್ಧಿಮತ್ತೆರಿ, ಮಶೀನೇ. ಮೊದಲನೇ ಪರದೆ ಮ್ಯಾಲ ಬರ್ದದಲ್ರಿ."

"ಯಾವ ಭಾಷಾದಾಗ?"

"ಇಂಗ್ಲಿಷಿನಾಗರಿ."

"ಡಾಕ್ಟರ್ ಯಾರರೆ ಕುಂತು ನೋಡ್ತಾರೇನು?"

"ಇಲ್ರಿ."

"ಮತ್ತ ರೊಟ್ಟಿ ಉಂಡೀನಿ ಅಂತ ಸುಳ್ಳು ಯಾಕ ಹೇಳ್ತದ?"

"ಹಂಗಂದ್ರ ಮಂದಿ ಬಾಳ ಹೊತ್ತು ಮಾತಾಡ್ತಾರರಿ," ಎಂದು ತಲೆ ತಗ್ಗಿಸಿ, ಮೆಲ್ಲಗೆ ಹೇಳಿದಳು, "ನೀವೇ ಕಲಿಸಿದ್ರಲ್ರಿ ಮೇಡಂ."

ಆ ಹುಡುಗಿಯನ್ನು ಬೈಯಲು ಹೋದವಳು ಬೈಯದೆ ಮೆಟ್ಟಿಲು ಇಳಿದೆ. ಅವರು ನನಗೆ ಹೇಳಿದ ಸುಳ್ಳು ಒಂದು, ನನ್ನ ಬಾಯಿಂದ ವೈನಿಗೆ ಹೇಳಿಸಿದ ಸುಳ್ಳು ಇನ್ನೊಂದು. ಆಯಿ ಕುಂತೀನಿ ಅಂದರೆ ಕೂತಿರುತ್ತಿದ್ದಳು. ಇದು ಎಲ್ಲಿ ಕೂತಿದೆ?

ಸರ್ಕಾರಿ ಕಚೇರಿಯೊಂದಕ್ಕೆ ಹೋಗಿ ಅರ್ಜಿ ಯಾರಿಗೆ ಕೊಡಬೇಕೆಂದು ವಿಚಾರಿಸಿದೆ. ಅಲ್ಲಿಯ ಗುಮಾಸ್ತ ಒಳ್ಳೆಯವನು, ಕುರ್ಚಿ ಕೊಟ್ಟ. "ಬಾಯಿಯೋರೆ, ಇದು ಆರೋಗ್ಯದ ಕೆಲಸನೋ ಕಂಪ್ಯೂಟರಿನ ಕೆಲಸನೋ ನನಗೂ ತಿಳಿವಲ್ದು. ಬ್ಯಾರೆ ದೇಶದಾಗ ಎಲ್ಲೋ ಕಾಯ್ದೆ ಮಾಡ್ಲಕತ್ತಾರಂತ ಕೇಳೀನಿ. ಇಲ್ಲಿ ಯಾವ ಟೇಬಲ್ಲಿಗಿ ಕಳಿಸ್ಬೇಕು, ನೀವೇ ಹೇಳ್ರಿ. ಮೊದಲು ತೊಂದರಿ ಆದವ್ರ ಸಹಿ ತಗೊಂಡ್ ಬರ್ರಿ." ಔಷಧಿ ಅಂಗಡಿಯವನು ಪರವಾನಗಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾನಲ್ಲ, ಮನಸ್ಸಿಗೆ ಕೈ ಹಾಕುವ ಇದಕ್ಕೆ ಗೋಡೆಯೂ ಇಲ್ಲವೇ ಎಂದೆ. ಅದನ್ನೂ ಬರೆಯಿರಿ ಅಂದ.

ಬರೆದೆ. ತಾನು ಯಂತ್ರವೆಂದು ಅದು ಮೊದಲ ಮಾತಿನಲ್ಲೇ, ನಮ್ಮ ಮಾತಿನಲ್ಲೇ ಹೇಳಲಿ. ಗುಳಿಗೆಯ ಮಾತು ಬಂದರೆ ಡಾಕ್ಟರ ಹತ್ತಿರ ಹೋಗು ಅನ್ನಲಿ. ಅದು ಮಾತಾಡುವ ರೀತಿಗೆ ಹೆಸರು ಹೇಳಿ ಜವಾಬ್ದಾರಿ ಹೊರುವ ಒಬ್ಬ ವೈದ್ಯರಿರಲಿ. ಉಣ್ಣದ್ದು ಉಂಡೆನೆಂದು, ಕೂರದ್ದು ಕೂತಿದ್ದೇನೆಂದು ಹೇಳದಿರಲಿ. ಕೆಳಗೆ ವೈನಿಯ ಸಹಿಗೆ ಜಾಗ ಬಿಟ್ಟೆ. ಆ ಜಾಗ ತುಂಬಬೇಕಾದರೆ ಅವಳ ಮುಂದೆ ಬಾಯಿ ಬಿಡಲೇಬೇಕಿತ್ತು.

ಭಾಲ್ಕಿಗೆ ಹೋಗಿ, ಅರ್ಜಿಯನ್ನು ವೈನಿಯ ಅಡುಗೆಮನೆಯಲ್ಲಿಯೇ ಓದಿ ಹೇಳಿದೆ. ಶಾಲು ಹೊದ್ದದ್ದನ್ನೂ ಬಿಡದೆ ಹೇಳಿದೆ. ವೈನಿ ಫೋನನ್ನು ಮಗುಚಿ ಇಟ್ಟಳು.

"ಅಂದ್ರ ಆಕಿ ಇಲ್ಲ."

"ಇಲ್ರಿ ವೈನಿ."

"ನಾ ಹೇಳಿದ್ದು ಯಾರ್ ಕೇಳ್ಯಾರ?"

"ಗೊತ್ತಿಲ್ಲ."

"ನಿನಗ ಗೊತ್ತಿತ್ತು. ಅವತ್ತೇ ಇಲ್ಲೇ ಕುಂತು ಶೇಂಗಾ ತಿಂದು ಹೋದಿ."

ನಾನು ಆಯಿಯ ಮೊಮ್ಮಗಳಲ್ಲವೇ. ಅಭ್ಯಾಸಬಲದಿಂದ ಮೊರ ಎಳೆದುಕೊಂಡೆ, ಬಾಯಿ ತೆರೆದೆ. "ವೈನಿ, ನಾ ಇಲ್ಲೇ..."

"ಬಾಯಿ ಮುಚ್ಚು," ಅಂದಳು. ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ನನಗೆ ಹಾಗೆ ಅಂದದ್ದು. "ನೀ ಏನಂದ್ರೂ ಅದರ ಮಾತೇ ಕೇಳಿಸ್ತದ ನನಗ. ನಿಮ್ಮ ಆಯಿ ಮಾತು ಹಾಳು ಮಾಡಿದಿ."

ಎದ್ದು ಹೋಗಿ ಟ್ರಂಕಿನಿಂದ ಆ ಖಣ ತಂದು ನನ್ನ ತೊಡೆಯ ಮೇಲೆ ಎಸೆದಳು. "ತಗೋ. ಇದು ನಿಂದೇ. ದಿನಾ ನಿನ್ನ ಜೋಡೀನೇ ಮಾತಾಡೀನಿ ಅಂದಂಗಾಯ್ತು." ಆಮೇಲೆ ಪೆನ್ನು ಕಿತ್ತುಕೊಂಡು, ಬಿಟ್ಟ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದು ಸಹಿ ಮಾಡಿದಳು.

ವಾರದೊಳಗೆ ವೈನಿಗೆ ಎದೆಯ ಡವಡವ ತಿರುಗಿ ಬಂತು. ಸೊಸೆ ಫೋನು ಮಾಡಿ, ಅತ್ತೆ ಡಾಕ್ಟರ ಹತ್ತಿರ ಹೋಗುತ್ತಾಳಂತೆ, ಆದರೆ ನೀವು ಮಾತಾಡಬಾರದಂತೆ ಎಂದಳು. ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ವೈನಿಯನ್ನು ಇಳಿಸಿಕೊಂಡು ಆಟೋ ಹತ್ತಿಸಿದೆ. ಮಾತಾಡಲಿಲ್ಲ. ಒಳಗೆ ಒಬ್ಬಳೇ ಹೋದಳು. ನಾನು ಹೊರಗಿನ ಬೆಂಚಿನ ಮೇಲೆ, ನೀರು ಕುಡಿಯಲು ಕೂಡ ಏಳದೆ, ಮುಕ್ಕಾಲು ಗಂಟೆ ಕುಳಿತೆ.

ಹೊರಗೆ ಬಂದವಳು ಗುಳಿಗೆಯ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕಡೆ ನೋಡದೆ, ಎದುರಿನ ಗೋಡೆಗೆ ಹೇಳಿದಳು. "ಊಟ ಆಯ್ತೇನ್ರಿ ಅಂತ ಡಾಕ್ಟರಬಾಯಿಗಿ ಕೇಳ್ದೆ. ಎಲ್ಲೀದವ್ವಾ, ಇನ್ನಾ ಇಲ್ಲ, ಹೊರಗ ಇನ್ನಾ ಆರು ಮಂದಿ ಅದಾರ ಅಂದ್ರು. ಆಮ್ಯಾಲ ಹೇಳ್ದೆ."

ಹೊಟ್ಟೆಯೊಳಗಿನ ಆ ಮಾತನ್ನು ಡಾಕ್ಟರಿಗೆ ಹೇಳಿದ್ದಾಳೆ. ಅಷ್ಟು ತಿಳಿಯಿತು. ಈಗ ತಿಂಗಳಿಗೊಮ್ಮೆ ತಪ್ಪದೆ ಬರುತ್ತಾಳೆ. ಅರ್ಜಿಗೆ ಉತ್ತರ ಬಂದಿಲ್ಲ. ಗುಮಾಸ್ತ ಕಂಡಾಗಲೆಲ್ಲ, ಅದು ಇನ್ನೂ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತಿದೆ ಅನ್ನುತ್ತಾನೆ. ಫೋನಿನಲ್ಲಿರುವುದು ಇನ್ನೂ ಯಾರ ಯಾರ ಮನೆಯಲ್ಲೋ ಪುಂಡಿ ಪಲ್ಯ ಉಣ್ಣುತ್ತಿದೆ.

ವೈನಿಯನ್ನು ಬಸ್ಸಿನಿಂದ ಇಳಿಸಿಕೊಳ್ಳುವುದು, ಬೆಂಚಿನ ಮೇಲೆ ಕೂರುವುದು, ಮತ್ತೆ ಬಸ್ಸು ಹತ್ತಿಸುವುದು ನನ್ನ ಕೆಲಸ. ಕೂರುತ್ತೇನೆ, ಏಳುವುದಿಲ್ಲ. ಊಟ ಆಯ್ತೇನು ಎಂದು ಅವಳು ನನ್ನನ್ನು ಇನ್ನೂ ಕೇಳಿಲ್ಲ.